ಏನೂ ತೋರಿಸದೆ ದುಡ್ಡು ಕೇಳೋದು ಹೇಗೆ?

ಕುಮಟಾ ಟಿಟಿ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಸುಧಾರಿಸಿಕೊಳ್ಳಿ.

ನನ್ನದು ಕುಮಟಾ. ಹದಿಮೂರು ವರ್ಷದಿಂದ ಟೆಂಪೋ ಟ್ರಾವೆಲರ್ ಓಡಿಸುತ್ತಿದ್ದೇನೆ. ಮೊದಲು ಬೇರೆಯವರ ಗಾಡಿ, ಆಮೇಲೆ ಸಾಲ ಮಾಡಿ ತಗೊಂಡ ನನ್ನದೇ ಹನ್ನೆರಡು ಸೀಟಿನ ಟಿಟಿ. ಇಷ್ಟು ವರ್ಷ ಮನೆ ನಡೆಸಿದ್ದು ಒಂದೇ ಪ್ಯಾಕೇಜು. ‘ಎರಡು ದಿನ, ಒಂಬತ್ತು ಜಾಗ’. ಬೆಳಗ್ಗೆ ಸ್ಟೇಷನ್ನಿನಲ್ಲಿ ಹತ್ತಿಸಿಕೊಂಡರೆ ಮುರ್ಡೇಶ್ವರ, ಇಡಗುಂಜಿ, ಅಪ್ಸರಕೊಂಡ, ಮಿರ್ಜಾನ್ ಕೋಟೆ, ಸಂಜೆ ಗೋಕರ್ಣ. ಮರುದಿನ ಯಾಣ, ಶಿರಸಿ ಮಾರಿಕಾಂಬೆ, ಸಹಸ್ರಲಿಂಗ, ಬನವಾಸಿ. ಅಲ್ಲಿಂದ ಹಾವೇರಿಗೆ ಕರೆದೊಯ್ದು ರಾತ್ರಿ ರೈಲಿಗೆ ಬಿಟ್ಟರೆ ಮುಗಿಯಿತು.

ಪ್ರತಿ ಜಾಗಕ್ಕೂ ನಿಮಿಷದ ಲೆಕ್ಕ ಇದೆ. ಮಿರ್ಜಾನ್ ಕೋಟೆಗೆ ಇಪ್ಪತ್ತೈದು ನಿಮಿಷ. ಯಾಣಕ್ಕೆ ಒಂದೂವರೆ ಗಂಟೆ, ವಯಸ್ಸಾದವರಿದ್ದರೆ ಎರಡು. ಮಳೆ ಜೋರಾಗಿ ಶಾಲ್ಮಲಾ ತುಂಬಿದ್ದರೆ ಸಹಸ್ರಲಿಂಗದಲ್ಲಿ ಲಿಂಗಗಳೇ ಕಾಣುವುದಿಲ್ಲ, ಜನ ಬೇಗ ವಾಪಸ್ ಬರುತ್ತಾರೆ, ಹತ್ತು ನಿಮಿಷ ಉಳಿಯುತ್ತದೆ. ಆ ಹತ್ತು ನಿಮಿಷ ನನ್ನ ಚಹಾಕ್ಕೆ.

ಈಗ ಎರಡು ಮೂರು ವರ್ಷದಿಂದ ಬುಕಿಂಗ್ ಇಳಿದಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತಲ್ಲ, ದೇವಸ್ಥಾನಕ್ಕೆ ಹೋಗುವ ಹೆಂಗಸರ ಗುಂಪುಗಳು ಸರ್ಕಾರಿ ಬಸ್ಸು ಹತ್ತಿದವು. ಬೈಯೋಕೂ ಬರುವುದಿಲ್ಲ, ನನ್ನ ಅಕ್ಕನೇ ಆಧಾರ್ ಕಾರ್ಡು ತೋರಿಸಿ ಧರ್ಮಸ್ಥಳಕ್ಕೆ ಹೋಗಿ ಬಂದಳು. ಹುಡುಗರು ಪಂಚಗಂಗಾ ರೈಲಿಗೆ ಬಂದು ಇಳಿದು ಗೋಕರ್ಣದಲ್ಲಿ ಸ್ಕೂಟಿ ಬಾಡಿಗೆಗೆ ತಗೋತಾರೆ. ದಾರಿ ಫೋನು ಹೇಳುತ್ತದೆ. ನಾನು ಯಾಕೆ ಬೇಕು?

ಈಗ ವಿಷಯಕ್ಕೆ ಬರುತ್ತೇನೆ. ಹೋದ ಅಕ್ಟೋಬರ್ ರಜೆಯಲ್ಲಿ ಬೆಂಗಳೂರಿನ ಗಂಡ ಹೆಂಡತಿ, ಜೊತೆಗೆ ಎಂಟು ವರ್ಷದ ಮಗಳು, ಅದೇ ಪ್ಯಾಕೇಜು ಬುಕ್ ಮಾಡಿದ್ದರು. ಮಿರ್ಜಾನ್ ಕೋಟೆಗೆ ಬರುವಷ್ಟರಲ್ಲಿ ಮಗು ಎರಡು ಸಲ ವಾಂತಿ ಮಾಡಿತ್ತು. ಕೋಟೆಯ ಹುಲ್ಲಿನ ಮೇಲೆ ಮಲಗಿದ ಮಗು ಏಳಲೇ ಇಲ್ಲ. ಅವಳ ಅಪ್ಪ ಕೇಳಿದರು, ‘ನಾಳೆ ಎಲ್ಲಿಗೂ ಓಡೋದು ಬೇಡ. ನಿಮ್ಮ ಊರ ಕಡೆ ಏನಿದೆಯೋ ಅದನ್ನೇ ನಿಧಾನ ತೋರಿಸಿ, ಆಗುತ್ತಾ?’

ನಮ್ಮ ಊರ ಕಡೆ ಏನಿದೆ? ನನಗೆ ಹೊಳೆಯಲೇ ಇಲ್ಲ. ಕೊನೆಗೆ ಮಾಣಿಕಟ್ಟಾ ಕಡೆ ಗಜನಿಗೆ, ಅಂದರೆ ಹೊಳೆಯಂಚಿನ ಉಪ್ಪುನೀರಿನ ಗದ್ದೆಗೆ, ಕರೆದುಕೊಂಡು ಹೋದೆ. ಕಗ್ಗ ಭತ್ತದ ಕೊಯ್ಲು ನಡೆದಿತ್ತು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಕಗ್ಗ ಅಂದರೆ ಉಪ್ಪುನೀರು ನುಗ್ಗಿದರೂ ಸಾಯದ ಭತ್ತ. ಎತ್ತರಕ್ಕೆ ಬೆಳೆಯುತ್ತದೆ. ನೀರಲ್ಲಿ ನಿಂತು ತೆನೆ ಮಾತ್ರ ಕೊಯ್ಯುತ್ತಾರೆ, ಹುಲ್ಲು ಅಲ್ಲೇ ಬಿಡುತ್ತಾರೆ, ಅದರ ಬುಡದಲ್ಲಿ ಮೀನು ಸಿಗಡಿ ಸೇರಿಕೊಳ್ಳುತ್ತವೆ. ಇದೆಲ್ಲ ನನಗೆ ಹುಟ್ಟಿದಾಗಿನಿಂದ ಗೊತ್ತು. ಯಾರಿಗೂ ಹೇಳಿದ್ದೇ ಇಲ್ಲ, ಹೇಳುವಂಥದ್ದು ಅನ್ನಿಸಿರಲಿಲ್ಲ. ಆ ಮಗು ಎರಡು ಗಂಟೆ ಗಜನಿಯ ಕಟ್ಟೆ ಮೇಲೆ ಕೂತಿತ್ತು. ಸಮುದ್ರದ ಭರತ ಬಂದಾಗ ನೀರು ಒಳಗೆ ಬಿಡುವ ಮರದ ಬಾಗಿಲು ನೋಡಿ, ‘ಇದಕ್ಕೆ ಕರೆಂಟ್ ಎಲ್ಲಿಂದ?’ ಅಂತ ಕೇಳಿತು. ಮಧ್ಯಾಹ್ನ ಅಘನಾಶಿನಿ ಊರಿನಿಂದ ತದಡಿಗೆ ದೋಣಿಯಲ್ಲಿ ದಾಟಿದೆವು. ಬಂಗಡೆ ಊಟ. ವಾಪಸ್.

ಸಂಜೆ ಅವರು ‘ಎಷ್ಟಾಯ್ತು?’ ಅಂದರು. ಮೀಟರ್ ನೋಡಿದೆ, 41 ಕಿಲೋಮೀಟರ್. ದಿನಕ್ಕೆ ಕನಿಷ್ಠ 300 ಕಿಲೋಮೀಟರಿನ ಲೆಕ್ಕ ಹಾಕುವವನು ನಾನು. ಒಂದೂ ದೇವಸ್ಥಾನ ಇಲ್ಲ, ಜಲಪಾತ ಇಲ್ಲ. ನನ್ನ ಬಾಯಲ್ಲಿ ಮಾತು ಹೊರಡಲಿಲ್ಲ. ‘ಡೀಸೆಲ್ ದುಡ್ಡು ಕೊಡಿ ಸಾಕು’ ಅಂದುಬಿಟ್ಟೆ. ಮನೆಗೆ ಬಂದು ಹೇಳಿದರೆ ಹೆಂಡತಿ, ‘ಸಾಲದ ಕಂತನ್ನೂ ಅವರೇ ಕಟ್ತಾರಾ?’ ಅಂದಳು.

ಅವರು ಊರಿಗೆ ಹೋಗಿ ನಾಲ್ಕು ಜನಕ್ಕೆ ಹೇಳಿದ್ದಾರೆ. ಈಗ ‘ಆ ಗಜನಿ ತೋರಿಸ್ತೀರಂತಲ್ಲ’ ಅಂತ ಫೋನ್ ಬರುತ್ತಿದೆ. ನನ್ನ ಪ್ರಶ್ನೆ ಇಷ್ಟೇ. ಏನೂ ತೋರಿಸದೆ ದುಡ್ಡು ಕೇಳೋದು ಹೇಗೆ? ಎಷ್ಟು ಕೇಳೋದು? ಹಳೇ ಪ್ಯಾಕೇಜನ್ನು ಬಿಟ್ಟುಬಿಡಬೇಕಾ?

•

ತೋಟದಮನೆ ಅಕ್ಕ:

ತಮ್ಮಾ, ನಿಮ್ಮ ಪ್ರಶ್ನೆ ಓದಿ ನಗುವೂ ಬಂತು, ನಮ್ಮ ಮನೆಯ ಮೊದಲ ವರ್ಷವೂ ನೆನಪಾಯ್ತು. ನಾವು ಶಿರಸಿಯಿಂದ ಒಳಗೆ, ಅಡಿಕೆ ತೋಟದ ಮನೆಯವರು. ಆರು ವರ್ಷದಿಂದ ಎರಡು ಕೋಣೆ ಹೋಮ್‌ಸ್ಟೇಗೆ ಕೊಡುತ್ತೇವೆ.

ಮೊದಲು ಬಂದವರು ಪುಣೆಯ ಇಬ್ಬರು. ನಾನು ಹಿಂದಿನ ದಿನವೇ ಪೇಟೆಗೆ ಹೋಗಿ ಪನೀರು, ಬಟಾಣಿ ತಂದು, ವಿಡಿಯೋ ನೋಡಿ ಏನೋ ಒಂದು ಮಾಡಿದೆ. ಅವರು ಎರಡು ತುತ್ತು ತಿಂದು, ‘ನೀವು ಇವತ್ತು ಏನು ಊಟ ಮಾಡ್ತೀರಿ?’ ಅಂದರು. ನಮಗೆ ಒಂದೆಲಗದ ತಂಬುಳಿ, ಅಪ್ಪೆಹುಳಿ, ಹಪ್ಪಳ. ಅದನ್ನೇ ಕೊಡಿ ಅಂದರು. ಅತ್ತೆಗೆ ತಡೆಯಲಿಲ್ಲ. ಒಳಗೆ ಕರೆದು, ‘ಬಂದ ನೆಂಟರಿಗೆ ತಂಬುಳಿ ಬಡಿಸೋದಾ? ಊರವರು ಏನಂದಾರು?’ ಅಂತ ಬೈದರು. ಒಂದು ಸಿಹಿಯಾದರೂ ಇರಲಿ ಅಂತ ಅಷ್ಟು ಹೊತ್ತಲ್ಲಿ ಕೇಸರಿ ಕೆದಕಿದರು.

ಬೆಳಗ್ಗೆ ಹೊರಟಾಗ ಅವರು ಜಗುಲಿ ಮೇಲೆ ನಿಂತು ದುಡ್ಡು ತೆಗೆದರೆ ಅತ್ತೆ ಒಳಗೆ ಹೋಗಿಬಿಟ್ಟರು. ಉಂಡ ಮನೆಯ ಮೆಟ್ಟಿಲ ಮೇಲೆ ದುಡ್ಡಿನ ವ್ಯವಹಾರ ಅವರಿಗೆ ಆಗುವುದಿಲ್ಲ. ನನಗೂ ಕೈ ಮುಂದೆ ಬರಲಿಲ್ಲ. ಇದಕ್ಕೆ ನಾವು ಕಂಡುಕೊಂಡ ಉಪಾಯ ಏನೆಂದರೆ, ಬರುವ ಮೊದಲೇ ಪೂರ್ತಿ ದುಡ್ಡು ಫೋನಲ್ಲಿ ಹಾಕಿಸಿಕೊಳ್ಳುವುದು. ರೇಟು ಬರೆದೇ ಕಳಿಸುತ್ತೇವೆ. ಮನೆಗೆ ಕಾಲಿಟ್ಟ ಮೇಲೆ ಅವರು ನೆಂಟರು, ದುಡ್ಡಿನ ಸುದ್ದಿಯೇ ಇಲ್ಲ. ಅತ್ತೆ ಈಗ ಹೋಗುವವರಿಗೆ ಹಲಸಿನ ಹಪ್ಪಳ ಕಟ್ಟಿ ಕೊಡುತ್ತಾರೆ, ಅದಕ್ಕೆ ಬಿಲ್ಲು ಹಾಕಿದರೆ ನನ್ನನ್ನೇ ಮನೆಯಿಂದ ಹೊರಗೆ ಹಾಕುತ್ತಾರೆ.

ಇನ್ನು ಎಷ್ಟು ಅನ್ನೋದು. ನಮ್ಮ ತೋಟದ ಕೆಲಸ ನೋಡಿ. ಅಡಿಕೆ ಕೊಯ್ಯಲು ಮರ ಹತ್ತುವ ಕೊನೆಗೌಡನ ಲೆಕ್ಕ ಬೇರೆ, ಸುಲಿಯುವವರಿಗೆ ಸುಲಿದಷ್ಟರ ಲೆಕ್ಕ. ಆದರೆ ತೋಟ ಕಾಯುವವನಿಗೆ ದಿನದ ಲೆಕ್ಕ. ಅವನು ಎಷ್ಟು ಸುತ್ತಿದ ಅಂತ ಯಾರೂ ಕೇಳುವುದಿಲ್ಲ. ಇಷ್ಟು ದಿನ ನೀವು ಕೊಯ್ದಷ್ಟರ ಲೆಕ್ಕದಲ್ಲಿದ್ದಿರಿ, ಈಗ ದಿನದ ಲೆಕ್ಕಕ್ಕೆ ಬನ್ನಿ. ಗಾಡಿ ನಿಂತರೂ ನೀವು ಅಲ್ಲಿ ಇರುತ್ತೀರಲ್ಲ? ಇಡೀ ದಿನಕ್ಕೆ ಇಷ್ಟು, ಅರ್ಧ ದಿನಕ್ಕೆ ಇಷ್ಟು ಅಂತ ಮೊದಲೇ ಹೇಳಿ. ಕಂತು, ಇನ್ಶೂರೆನ್ಸು, ನಿಮ್ಮ ಕೂಲಿ ಮೂರನ್ನೂ ಸೇರಿಸಿ. ಡೀಸೆಲ್ ಅದರ ಮೇಲೆ.

ಇನ್ನೊಂದು ಮಾತು. ಮಾಘದಲ್ಲಿ ನಮ್ಮ ಕಡೆ ಆಲೆಮನೆ ಇರುತ್ತದೆ, ಕಬ್ಬಿನ ಹಾಲು, ಬಿಸಿ ಜೋನಿಬೆಲ್ಲ, ತೊಡೆದೇವು. ಜನ ಮೇ ತಿಂಗಳಲ್ಲಿ ಫೋನ್ ಮಾಡಿ ‘ಆಲೆಮನೆ ತೋರಿಸಿ’ ಅನ್ನುತ್ತಾರೆ. ಇಲ್ಲ ಅಂತ ಹೇಳಲು ಕಲಿಯಿರಿ. ಅವರಿಗಾಗಿ ಮೇನಲ್ಲಿ ಗಾಣ ಕಟ್ಟಿದರೆ ಅದು ನಾಟಕ. ಮಳೆಗಾಲಕ್ಕೆ ಬರುವವರಿಗೆ ಉಂಬಳದ (ರಕ್ತ ಹೀರುವ ಜಿಗಣೆಯ) ವಿಷಯ ಮೊದಲೇ ಹೇಳುತ್ತೇನೆ. ಅರ್ಧ ಜನ ಅಲ್ಲೇ ಫೋನ್ ಇಡುತ್ತಾರೆ. ಉಳಿದ ಅರ್ಧ ಜನವೇ ನಮಗೆ ಸಾಕು.

•

ಹುಬ್ಬಳ್ಳಿ ಮಗಳು:

ಎಲ್ಲರೂ ಗಜನಿ, ತಂಬುಳಿ ಅಂತಿದ್ದೀರಿ, ನಾನು ಪ್ಯಾಕೇಜಿನ ಪರವಾಗಿ ಎರಡು ಮಾತು ಹೇಳುತ್ತೇನೆ.

ನಮ್ಮವ್ವನಿಗೆ ಎಪ್ಪತ್ತೊಂದು. ಮಂಡಿ ನೋವು. ಆಕೆ ಸಮುದ್ರ ನೋಡಿದ್ದೇ ಅರವತ್ತನೇ ವಯಸ್ಸಿನಲ್ಲಿ, ನಮ್ಮ ಓಣಿಯ ಹೆಂಗಸರೆಲ್ಲ ಕೂಡಿ ಮಾಡಿಸಿದ ಇಂಥದ್ದೇ ಒಂದು ಟಿಟಿ ಪ್ಯಾಕೇಜಿನಲ್ಲಿ. ಮುರ್ಡೇಶ್ವರದ 123 ಅಡಿಯ ಶಿವನ ಮುಂದೆ ನಿಂತ ಫೋಟೋ ಇನ್ನೂ ದೇವರ ಕೋಣೆಯಲ್ಲಿದೆ. ಆ ಗಾಡಿಯವರಿಗೆ ದಾರಿಯಲ್ಲಿ ಎಲ್ಲಿ ಸ್ವಚ್ಛ ಶೌಚಾಲಯ ಇದೆ ಅಂತ ಗೊತ್ತಿತ್ತು. ಯಾವ ಹೋಟೆಲಿನಲ್ಲಿ ಉಳ್ಳಾಗಡ್ಡಿ ಇಲ್ಲದ ಊಟ ಸಿಗುತ್ತದೆ ಅಂತ ಗೊತ್ತಿತ್ತು. ದೇವಸ್ಥಾನದ ಎಷ್ಟು ಹತ್ತಿರದವರೆಗೆ ಗಾಡಿ ಬಿಡುತ್ತಾರೆ ಅಂತಲೂ ಗೊತ್ತಿತ್ತು. ಹಿರಿಯರಿಗೆ ಪ್ಯಾಕೇಜು ಅಂದರೆ ಇದೇ. ಒಂಬತ್ತು ಜಾಗ ಅನ್ನೋದು ಬರೀ ಬೋರ್ಡಿಗೆ.

ಹೋದ ವರ್ಷ ನಾನೇ ಅವ್ವನನ್ನು ಕರೆದುಕೊಂಡು, ಯಾವ ಪ್ಯಾಕೇಜೂ ಬೇಡ, ಆರಾಮ ಹೋಗೋಣ ಅಂತ ಹೊರಟೆ. ಫೋಟೋ ನೋಡಿ ಒಂದು ಹೋಮ್‌ಸ್ಟೇ ಬುಕ್ ಮಾಡಿದೆ. ‘ಹಳ್ಳಿ ಮನೆ’ ಅಂತ ಹೆಸರು, ಮಾಲೀಕರು ಬೆಂಗಳೂರಿನಲ್ಲಿ, ಇಲ್ಲಿ ಒಬ್ಬ ಹುಡುಗ ಕೀ ಕೊಟ್ಟು ಹೋದ. ಶೌಚಾಲಯ ಮೂವತ್ತು ಮೆಟ್ಟಿಲು ಕೆಳಗೆ. ರಾತ್ರಿ ಪಕ್ಕದ ಕೋಣೆಯವರು ಸ್ಪೀಕರ್ ಹಚ್ಚಿ ಕುಣಿದರು. ಅವ್ವ ಎರಡು ದಿನ ನೀರು ಕುಡಿಯಲಿಲ್ಲ, ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ. ‘ಆ ಟಿಟಿ ಅಣ್ಣನ ನಂಬರ್ ಐತಿ ಏನು?’ ಅಂತ ಕೇಳಿದಳು.

ಅದಕ್ಕೇ ಅಣ್ಣಾ, ಹಳೇ ಪ್ಯಾಕೇಜು ಬಿಡಬೇಡಿ. ಒಂಬತ್ತನ್ನು ನಾಲ್ಕು ಮಾಡಿ. ಶೌಚಾಲಯದ ಪಟ್ಟಿ ಹಾಗೇ ಇರಲಿ.

•

ಕುಮಟಾ ಟಿಟಿ:

ತಂಗೀ, ಶೌಚಾಲಯದ ಪಟ್ಟಿ ನನ್ನ ತಲೆಯಲ್ಲೇ ಇದೆ, ಕುಮಟಾದಿಂದ ಬನವಾಸಿವರೆಗೆ ಒಟ್ಟು ಆರು. ಅದೂ ಮಾರುವ ವಸ್ತು ಅಂತ ಇವತ್ತೇ ತಿಳಿದದ್ದು. ಅಕ್ಕಾ, ದಿನದ ಲೆಕ್ಕ ಸರಿ ಅನ್ನಿಸಿತು. ಮುಂಗಡ ಹಾಕಿಸಿಕೊಳ್ಳುವುದಂತೂ ಬಹಳ ಒಳ್ಳೇದು, ಮುಖ ನೋಡಿದ ಮೇಲೆ ನನಗೆ ಕೇಳಲು ಬರುವುದಿಲ್ಲ.

•

ಕಾರವಾರದ ಮಾಸ್ತರ:

ನಿವೃತ್ತ ಮಾಸ್ತರನಾದ್ದರಿಂದ ಸ್ವಲ್ಪ ಇತಿಹಾಸ ಹೇಳದೆ ಬಿಡಲಾರೆ.

ಪ್ಯಾಕೇಜನ್ನು ಕೀಳು ಮಾಡಬೇಡಿ. 1841ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಥಾಮಸ್ ಕುಕ್ ಎಂಬುವನು ಲೆಸ್ಟರ್‌ನಿಂದ ಲಫ್‌ಬರೋ ಊರಿಗೆ ಸುಮಾರು 500 ಜನರನ್ನು ರೈಲಿನಲ್ಲಿ ಕರೆದೊಯ್ದ. ತಲೆಗೆ ಒಂದು ಶಿಲ್ಲಿಂಗ್. ಹೋಗಿದ್ದು ಕುಡಿತ ಬಿಡಿಸುವ ಸಭೆಗೆ! ಈಗ ಗೋಕರ್ಣಕ್ಕೆ ಬರುವ ಕೆಲವು ಗಾಡಿಗಳನ್ನು ನೋಡಿದರೆ ಅವನು ಏನೆನ್ನುತ್ತಿದ್ದನೋ. 1950ರಲ್ಲಿ ವ್ಲಾದಿಮಿರ್ ರೈಟ್ಸ್ ಎಂಬಾತ ವಿಮಾನ, ಡೇರೆ, ಊಟ ಎಲ್ಲ ಸೇರಿಸಿ 32 ಪೌಂಡ್ 10 ಶಿಲ್ಲಿಂಗಿಗೆ ಇಂಗ್ಲೆಂಡಿನವರನ್ನು ಕಾರ್ಸಿಕಾ ದ್ವೀಪಕ್ಕೆ ಕರೆದುಕೊಂಡು ಹೋದ. ಅಲ್ಲಿಯವರೆಗೆ ಅಂಥ ಪ್ರವಾಸ ಸಾಹುಕಾರರ ಸ್ವತ್ತು. ಒಟ್ಟಿಗೆ ಸೀಟು, ಒಟ್ಟಿಗೆ ಊಟ ಕೊಂಡಿದ್ದರಿಂದ ಬೆಲೆ ಇಳಿಯಿತು, ಸಾಮಾನ್ಯ ಜನರೂ ಸಮುದ್ರ ಕಂಡರು. ಹುಬ್ಬಳ್ಳಿಯ ತಾಯಿಯ ಹಾಗೆ. ಕುಕ್ ಕಟ್ಟಿದ ಬ್ರಿಟನ್ನಿನ ಕಂಪನಿ 2019ರ ಸೆಪ್ಟೆಂಬರ್‌ನಲ್ಲಿ ಮುಚ್ಚಿಹೋಯಿತು. ಸಾಲದ ಭಾರ ಒಂದು ಕಡೆ, ಜನ ತಾವೇ ಫೋನಿನಲ್ಲಿ ಟಿಕೆಟ್ ತೆಗೆಯಲು ಕಲಿತದ್ದು ಇನ್ನೊಂದು ಕಡೆ. ನಿಮ್ಮ ಕಥೆಯೂ ಸಣ್ಣದಾಗಿ ಅದೇ, ಸಾಲದ ಕಂತಿನ ಸಮೇತ.

ಇನ್ನು ‘ಏನೂ ತೋರಿಸದೆ’ ಅಂದಿರಲ್ಲ. 1880ರ ದಶಕದಲ್ಲಿ ರವೀಂದ್ರನಾಥ ಟಾಗೋರರು ನಮ್ಮ ಕಾರವಾರಕ್ಕೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಆಗ ಕವಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ಒಂದು ಬೆಳದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ಕಾಳಿ ನದಿಯ ಮೇಲೆ ಹೋಗಿದ್ದನ್ನು ಎಷ್ಟೋ ವರ್ಷಗಳ ನಂತರ ನೆನೆದು ಬರೆದಿದ್ದಾರೆ. ಒಂದು ರೈತರ ಮನೆಯ ಗುಡಿಸಿದ ಅಂಗಳದಲ್ಲಿ ಕೂತು ಊಟ ಮಾಡಿದರಂತೆ. ಬರುವಾಗ ಹೊಳೆಯ ಹರಿವಿಗೆ ದೋಣಿ ಬಿಟ್ಟು, ಕೊನೆಗೆ ಮರಳಿನ ಮೇಲೆ ನಡೆದು ಮನೆ ಸೇರಿದರಂತೆ. ಅಷ್ಟೇ. ಅವರ ಹೆಸರಿನ ಕಡಲತೀರಕ್ಕೆ ಈಗ ಬಸ್ಸಿನವರು ಅಲ್ಲಿನ ಯುದ್ಧನೌಕೆಯ ಮ್ಯೂಸಿಯಂ ಸೇರಿಸಿ ಅರ್ಧ ಗಂಟೆ ಕೊಡುತ್ತಾರೆ. ನಾನು ದಿನಾ ಸಂಜೆ ಅಲ್ಲಿ ವಾಕಿಂಗ್ ಹೋಗುವವನು, ಡ್ರೈವರುಗಳ ಸೀಟಿ ಕೇಳಿ ಕೇಳಿ ಸಾಕಾಗಿದೆ.

•

ಅಘನಾಶಿನಿ ದಡ:

ಟಿಟಿ ಅಣ್ಣ, ನಾನು ನಿಮ್ಮ ಪಕ್ಕದ ಊರಿನವನೇ. ಅಂದು ನೀವು ದೋಣಿ ಹತ್ತಿದ ದಕ್ಕೆಯ ಹತ್ತಿರವೇ ನಮ್ಮ ಮನೆ. ಸ್ವಲ್ಪ ಖಾರವಾಗಿ ಬರೆಯುತ್ತೇನೆ, ತಪ್ಪು ತಿಳಿಯಬೇಡಿ.

ನನ್ನ ಅಮ್ಮ ಬೆಳಚು (ಚಿಪ್ಪುಮೀನು) ಆರಿಸಲು ಹೋಗುತ್ತಾಳೆ. ಇಳಿತದಲ್ಲಿ ಹೊಳೆಯ ನಡುವೆ ದಿಬ್ಬ ಕಾಣುತ್ತದಲ್ಲ, ಅಲ್ಲಿ. ಸಿಗುವುದು ಎರಡು ಮೂರು ಗಂಟೆ. ನೀರು ಮತ್ತೆ ಏರಿದರೆ ಆ ಹೊತ್ತಿನ ದುಡಿಮೆ ಮುಗಿಯಿತು. ಶನಿವಾರ ಭಾನುವಾರ ಕುಮಟಾದಿಂದ ಗೋಕರ್ಣಕ್ಕೆ ಬೀಚ್ ಟ್ರೆಕ್ ಅಂತ ಬರುತ್ತಾರೆ, ಐವತ್ತು ಅರವತ್ತು ಜನ, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು. ಅದನ್ನೂ ‘ಪ್ಯಾಕೇಜು ಅಲ್ಲ, ಅಸಲಿ ಕರಾವಳಿ’ ಅಂತಲೇ ಮಾರುವುದು! ಒಮ್ಮೆ ಅವರಲ್ಲಿ ಹತ್ತು ಜನ ಅಮ್ಮನ ಸುತ್ತ ನಿಂತು, ‘ಆಂಟಿ, ಸ್ವಲ್ಪ ಬುಟ್ಟಿ ಎತ್ತಿ, ಈ ಕಡೆ ನೋಡಿ’ ಅಂತ ಅರ್ಧ ಗಂಟೆ ಫೋಟೋ ತೆಗೆದರು. ಕೊನೆಗೆ ಅವಳ ಕೈಗೆ ಒಂದು ಬಿಸ್ಕೆಟ್ ಪ್ಯಾಕು. ಅರ್ಧ ಬುಟ್ಟಿ ಬೆಳಚು ಹೋಯಿತು ಅಂತ ಅವರಿಗೆ ಗೊತ್ತೇ ಇಲ್ಲ. ಅಮ್ಮನಿಗೆ ಸಿಟ್ಟೂ ಬರಲಿಲ್ಲ, ‘ಪಾಪ, ಮಕ್ಕಳು’ ಅಂದಳು. ಸಿಟ್ಟು ಬಂದಿದ್ದು ನನಗೆ.

2024ರಲ್ಲಿ ನಮ್ಮ ಅಳಿವೆ ರಾಮ್ಸಾರ್ ಎಂಬ ಅಂತರರಾಷ್ಟ್ರೀಯ ಜೌಗುಭೂಮಿಗಳ ಪಟ್ಟಿಗೆ ಸೇರಿದ ಮೇಲೆ ದುರ್ಬೀನು ಹಿಡಿದು ಹಕ್ಕಿ ನೋಡುವವರೂ ಬರುತ್ತಾರೆ. ಅವರ ಬಗ್ಗೆ ತಕರಾರಿಲ್ಲ, ಸುಮ್ನೆ ದೂರ ನಿಂತು ನೋಡಿ ಹೋಗುತ್ತಾರೆ.

ನೀವು ಕೇಳಿದ್ದು ಏನೂ ತೋರಿಸದೆ ದುಡ್ಡು ಹೇಗೆ ಅಂತ. ನನಗೆ ಅನ್ನಿಸಿದ್ದು, ನೀವು ತೋರಿಸುವುದು ನಮ್ಮನ್ನು. ಗಜನಿಯಲ್ಲಿ ಕೊಯ್ಯುತ್ತಿದ್ದವರಿಗೆ ಅಂದು ಏನಾದರೂ ಕೊಟ್ಟಿರಾ? ಅವರ ಕೆಲಸ ಎರಡು ಗಂಟೆ ನೋಡಿದ್ದೀರಿ, ಮಾತಾಡಿಸಿದ್ದೀರಿ. ದಿನದ ರೇಟು ಇಡುವಾಗ ಅದರಲ್ಲಿ ಅವರ ಪಾಲೂ ಇರಲಿ. ಒಂದು ಸಲಕ್ಕೆ ನಾಲ್ಕೈದು ಜನರಿಗಿಂತ ಜಾಸ್ತಿ ಬೇಡ. ಟಿಟಿಯಲ್ಲಿ ಹನ್ನೆರಡು ಸೀಟಿದೆ ಅಂತ ಹನ್ನೆರಡೂ ತುಂಬಿಸಬೇಡಿ. ಬರುವ ಮೊದಲು ಕೇಳಿ. ಅಮ್ಮ ಬೇಡ ಅಂದ ದಿನ ಬೇಡ. ಜೂನ್, ಜುಲೈಯಲ್ಲಿ ದೊಡ್ಡ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಆಗ ಗಂಡಸರು ಬಲೆ ದುರಸ್ತಿ ಮಾಡುತ್ತಾ ದಡದಲ್ಲೇ ಇರುತ್ತಾರೆ, ಮಾತಿಗೆ ಪುರುಸೊತ್ತು ಇರುತ್ತದೆ. ಮಳೆಗಾಲ ನಿಮಗೆ ಖಾಲಿ, ನಮಗೂ ಖಾಲಿ. ಆ ಹೊತ್ತಿಗೆ ಕರೆತಂದರೆ ಇಬ್ಬರಿಗೂ ಉಪಯೋಗ.

•

ಕುಮಟಾ ಟಿಟಿ:

ದಡದ ತಮ್ಮಾ, ಖಾರ ತಾಗಿತು. ಗಜನಿಯವರಿಗೆ ಅಂದು ಏನೂ ಕೊಡಲಿಲ್ಲ, ನಿಜ. ಆ ಮಗುವಿನ ಅಮ್ಮ ಕೊಡಲು ಹೋದರು, ನಾನೇ ‘ಬೇಡ ಬೇಡ, ನಮ್ಮವರೇ’ ಅಂದೆ. ನಮ್ಮವರು ಅಂತ ಬಿಟ್ಟಿ ಮಾಡಿದ್ದೆ.

ಎರಡು ದಿನ ಕೂತು ಹೆಂಡತಿ ಜೊತೆ ಲೆಕ್ಕ ಹಾಕಿದೆ. ಲೆಕ್ಕದಲ್ಲಿ ಅವಳು ನನಗಿಂತ ಚುರುಕು. ನಿಧಾನದ ದಿನಕ್ಕೆ ಗಾಡಿ ಮತ್ತು ನಾನು ಸೇರಿ 3,500, ಡೀಸೆಲ್ ಬೇರೆ. ಅದರ ಮೇಲೆ ದೋಣಿಯವರಿಗೆ, ಊಟದ ಮನೆಗೆ, ಕೆಲಸ ತೋರಿಸುವವರಿಗೆ ಅವರವರ ದುಡ್ಡು ನೇರವಾಗಿ ಅವರ ಕೈಗೆ, ನನ್ನ ಮೂಲಕ ಅಲ್ಲ. ಐದು ಜನರಿಗಿಂತ ಹೆಚ್ಚಿಲ್ಲ. ಐದೇ ಜನಕ್ಕೆ ಟಿಟಿ ದೊಡ್ಡದಾಗುತ್ತದೆ, ಗೊತ್ತು, ಸಣ್ಣ ಗಾಡಿ ತಗೊಳ್ಳುವಷ್ಟು ಶಕ್ತಿ ಈಗಿಲ್ಲ. ಹಳೇ ಪ್ಯಾಕೇಜು ಇರುತ್ತದೆ, ಆದರೆ ಇನ್ನು ಮುಂದೆ ‘ಎರಡು ದಿನ, ನಾಲ್ಕು ಜಾಗ’. ಮುರ್ಡೇಶ್ವರ, ಗೋಕರ್ಣ, ಮಾರಿಕಾಂಬೆ ಕೈಬಿಡುವ ಹಾಗಿಲ್ಲ, ಹಿರಿಯರು ಬೈಯುತ್ತಾರೆ. ನಾಲ್ಕನೆಯದು ಬನವಾಸಿಯೋ ಯಾಣವೋ, ಗಾಡಿಯಲ್ಲಿ ಕೂತವರೇ ಆರಿಸಲಿ. ಬೋರ್ಡಿನ ಪೇಂಟರ್‌ಗೆ ಹೇಳಿದರೆ, ‘ಐದು ಜಾಗ ಕಡಿಮೆ ಮಾಡಿ ಬರೆಸೋರನ್ನ ಇವತ್ತೇ ನೋಡಿದ್ದು’ ಅಂದ.

ಬರುವ ಭಾನುವಾರ ಒಂದು ಮನೆಯವರು ಬರುತ್ತಿದ್ದಾರೆ, ನಾಲ್ಕೇ ಜನ. ಮುಂಗಡ ಬಂದಿದೆ. ತಮ್ಮಾ, ನಿಮ್ಮ ಅಮ್ಮನ ಹತ್ತಿರ ಕೇಳಿ ನೋಡುತ್ತೀರಾ? ಒಪ್ಪಿದರೆ ಇಳಿತ ಎಷ್ಟು ಹೊತ್ತಿಗೆ ಅಂತಲೂ ಹೇಳಿ. ದಿನಾ ಮುಕ್ಕಾಲು ಗಂಟೆ ಚಿಲ್ಲರೆ ಮುಂದೆ ಹೋಗುತ್ತದಲ್ಲ, ನನ್ನ ಲೆಕ್ಕ ತಪ್ಪುತ್ತದೆ.

•

ಅಘನಾಶಿನಿ ದಡ:

ಕೇಳಿದೆ. ಬರಲಿ ಅಂದಳು. ಬೆಳಗ್ಗೆ ಎಂಟೂವರೆಗೆ ದಕ್ಕೆಯ ಹತ್ತಿರ ಇರಿ, ಒಂಬತ್ತಾದರೆ ಅವಳು ಕಾಯುವುದಿಲ್ಲ. ಎಲ್ಲರಿಗೂ ಹಳೇ ಚಪ್ಪಲಿ ಹಾಕಿಕೊಂಡು ಬರಲು ಹೇಳಿ, ಚಿಪ್ಪು ಕಾಲು ಕೊಯ್ಯುತ್ತದೆ. ಬುಟ್ಟಿ ಎರಡು ಹೆಚ್ಚಿಗೆ ಇಡುತ್ತಾಳಂತೆ. ಸುಮ್ನೆ ನಿಂತು ನೋಡೋದು ಬೇಡ, ಬಂದವರೂ ಆರಿಸಲಿ ಅಂದಳು.